ಒಲೆಯ ಮುಂದಿನ ನೆಲ

೧೯೦೮ರ ನವೆಂಬರ್ ಮೂರು, ಮಂಗಳವಾರ. ಸಂಜೆ ಏಳಕ್ಕೆ ಚುನಾವಣಾಧಿಕಾರಿ ಹೆನ್ಸ್ಲಿ ಏದುಸಿರು ಬಿಡುತ್ತ ಶೆರಿಫ್ ಕಚೇರಿಗೆ ಬಂದು ದೂರು ಬರೆಸಿದ. ಗಣಿಯೂರು ಲಿಕ್ ಫೋರ್ಕಿನ ಶಾಲೆಯಲ್ಲಿದ್ದ ಮತಪೆಟ್ಟಿಗೆ ನಾಪತ್ತೆ. ಎಣಿಕೆಗೆ ಮುಂಚೆ ಹೊಟ್ಟೆಗಿಷ್ಟು ಹಾಕಿಕೊಂಡು ಬರೋಣವೆಂದು ಎಲ್ಲರೂ ಒಟ್ಟಿಗೇ ಎದ್ದು ಹೋಗಿದ್ದರಂತೆ. ಶೆರಿಫ್ ಅಮೋಸ್ ಟ್ರಿಂಬಲ್‌ಗೆ ಮೈಯೆಲ್ಲ ಉರಿಯಿತು. ಗವರ್ನರನನ್ನು ಆರಿಸುವ ಪೆಟ್ಟಿಗೆಗಿಂತ ಇವರಿಗೆ ಜೋಳದ ರೊಟ್ಟಿ ಹೆಚ್ಚಾಯಿತೇ?

ಶಾಲೆಯಲ್ಲಿ ಮಹಜರು ನಡೆಯಿತು. ಬಾಗಿಲು ಕಿಟಕಿ ಮುರಿದಿರಲಿಲ್ಲ. ಸೌದೆ ಕೊಡಲಿಯಿಂದ ಸೀಳಿದ ಪೆಟ್ಟಿಗೆ ಒಲೆಯೊಳಗೆ ಕೆಂಡವಾಗಿತ್ತು; ಬೀಗವೊಂದು ಉಳಿದಿತ್ತು. ಒಲೆಯ ಮುಂದಿನ ನೆಲವನ್ನು ಮಾತ್ರ ಯಾರೋ ಗುಡಿಸಿ ಒರೆಸಿದ್ದರು.

ಊರಿಗೆ ಈ ಚುನಾವಣೆಯೆಂದರೆ ಆರ್ಲಿ ಪ್ರುವಿಟ್‌ನ ಕುತ್ತಿಗೆ. ಗಣಿ ಕಂಪನಿಯ ಕಾವಲುಗಾರನನ್ನು ಕೊಂದನೆಂದು ಅವನಿಗೆ ಗಲ್ಲು ಶಿಕ್ಷೆಯಾಗಿತ್ತು. ತಾನು ಗೆದ್ದರೆ ಕ್ಷಮಾದಾನ ಕೊಡುವೆನೆಂದು ಗವರ್ನರ್ ಸ್ಥಾನಕ್ಕೆ ನಿಂತಿದ್ದ ಕ್ವಾರ್ಲ್ಸ್ ಹೇಳಿದ್ದ. ಅವನೆದುರು ಕಂಪನಿಯೇ ನಿಲ್ಲಿಸಿದ್ದ ಅಭ್ಯರ್ಥಿ ಹಾಲ್ಬರ್ಟ್, ನೇಣು ತಪ್ಪದು ಎಂದಿದ್ದ. ಲಿಕ್ ಫೋರ್ಕಿನ ಗಣಿಯಾಳುಗಳೆಲ್ಲ ಮೇಸ್ತ್ರಿಯ ಎದುರು, ಬೀದಿಯಲ್ಲಿ, ಹಾಲ್ಬರ್ಟ್‌ಗೇ ಹಾಕಿದೆವೆಂದು ಕೂಗಿ ಹೇಳುತ್ತಿದ್ದರು.

ಬುಧವಾರ ಟ್ರಿಂಬಲ್ ಆ ಗಣಿಯಾಳುಗಳನ್ನು ಒಬ್ಬೊಬ್ಬರನ್ನಾಗಿ ಕಚೇರಿಯ ಹಿಂದಿನ ಲಾಯಕ್ಕೆ ಕರೆಸಿದ.

"ನಿನ್ನೆ ಆರು ಗಂಟೆಗೆ ಎಲ್ಲಿದ್ದೆ?"

"ಮನೇಲಿ. ಸಾಹೇಬ್ರೆ, ಇದನ್ನ ಬರ್ಕೋಬೇಡಿ, ಕೆಲ್ಸ ಹೋಗುತ್ತೆ. ನಾನು ಹಾಕಿದ್ದು ಕ್ವಾರ್ಲ್ಸ್‌ಗೆ. ಆ ಹುಡುಗನಿಗೋಸ್ಕರ."

ಬಂದವರೆಲ್ಲ ದನಿ ತಗ್ಗಿಸಿ ಅದನ್ನೇ ಹೇಳಿದರು. ಕೊನೆಗೆ ಪೇದೆ ಕ್ರೀಡ್ ಕೂಡ ತಾನು ಹಾಕಿದ್ದು ಕ್ವಾರ್ಲ್ಸ್‌ಗೇ ಎಂದು ಒಪ್ಪಿಕೊಂಡು, ಇದರ ಸುಳಿವು ಸಿಕ್ಕಿ ಕಂಪನಿಯವರೇ ಸುಟ್ಟಿರಬೇಕೆಂದ.

"ಕಂಪನಿ ಗೂಂಡಾಗಳು ನೆಲ ಒರೆಸಿ ಹೋಗ್ತಾರೇನಯ್ಯಾ?" ಎಂದ ಟ್ರಿಂಬಲ್. ಹಾಗೆಂದವನಿಗೇ ತಟ್ಟನೆ ಹೊಳೆಯಿತು. ಶಾಲೆ ಗುಡಿಸುತ್ತಿದ್ದವಳು ಸೆರಿಲ್ಡಾ, ಆರ್ಲಿಯ ತಾಯಿ. ಬೀಗದ ಕೈಯೂ ಅವಳ ಹತ್ತಿರವೇ ಇರುತ್ತಿತ್ತು.

ಗುರುವಾರ ತಂತಿ ಬಂತು. ಹಾಲ್ಬರ್ಟ್ ಗೆದ್ದಿದ್ದ. ಗೆಲುವಿನ ಅಂತರ ಸುಟ್ಟುಹೋದ ಲಿಕ್ ಫೋರ್ಕಿನ ಮತಗಳಷ್ಟೂ ಇರಲಿಲ್ಲ. ಟ್ರಿಂಬಲ್ ಅದನ್ನು ಜೇಬಿಗೆ ತುರುಕಿಕೊಂಡು ಅವಳ ಮನೆಗೆ ಹೋದ.

"ಸೆರಿಲ್ಡಕ್ಕ, ಪೆಟ್ಟಿಗೆ ಸುಟ್ಟಿದ್ದು ನೀನೇನಾ?"

"ಹೌದು." ಅವಳು ತೊಳೆಯುತ್ತಿದ್ದ ಬಟ್ಟೆಯನ್ನು ಹಿಂಡಿದಳು. "ಹೆಂಗಸಿಗೆ ಓಟಿಲ್ವಲ್ಲಪ್ಪ. ಇನ್ನೇನ್ ಮಾಡ್ಲಿ? ನನ್ ಕೈಯಲ್ಲಿ ರೊಟ್ಟಿ ತಿಂದೋರು, ನನ್ ಬಾಗಿಲ ಮುಂದೇನೇ ನಿಂತು ಹಾಲ್ಬರ್ಟ್‌ಗೆ ಹಾಕಿದ್ವಿ ಅಂದ್ರು. ಅಷ್ಟಾದ್ರೂ ಕಮ್ಮಿಯಾಗ್ಲಿ ಅಂತ ಸುಟ್ಟೆ. ನನ್ ಮಗ ಉಳೀತಾನಾ?"

ಟ್ರಿಂಬಲ್ ಜೇಬಿನ ತಂತಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿದ. ನಿಜ ಹೇಳಿದರೆ ಮಗನ ಕುಣಿಕೆಯನ್ನು ತಾನೇ ಬಿಗಿದೆನೆಂದು ಅವಳಿಗೆ ಗೊತ್ತಾಗುತ್ತಿತ್ತು. ಫಲಿತಾಂಶ ಇನ್ನೂ ಬಂದಿಲ್ಲವೆಂದು ಸುಳ್ಳು ಹೇಳಿ ಅವಳನ್ನು ಬಂಧಿಸಿದ. ದೋಷಾರೋಪ ಪಟ್ಟಿಯಲ್ಲಿ ಕಾರಣ ಎಂಬಲ್ಲಿ, ಮಗನ ಪ್ರಾಣ ಉಳಿಸಿಕೊಳ್ಳಲು ಎಂದಷ್ಟೇ ಬರೆದ. ಲಾಯದಲ್ಲಿ ಕೇಳಿದ್ದನ್ನು ಎಲ್ಲೂ ಬರೆಯಲಿಲ್ಲ.

ಗಾಡಿ ಹೊರಟಾಗ ಗಣಿಯಾಳುಗಳು ರಸ್ತೆಯ ಪಕ್ಕದಲ್ಲಿ ಟೋಪಿ ತೆಗೆದು ನಿಂತಿದ್ದರು. ಮೇಸ್ತ್ರಿಯೂ ಅಲ್ಲೇ ಇದ್ದ. ಸೆರಿಲ್ಡಾ ಅವರ ಕಡೆಗೆ ಕ್ಯಾಕರಿಸಿ ಉಗಿದಳು. ಯಾರೂ ಬಾಯಿ ಬಿಡಲಿಲ್ಲ, ಟ್ರಿಂಬಲ್ ಕೂಡ.