ಕೈಗೆಟುಕದ ಕನ್ನಡಿ

ಶಾಜಿಯಾ ನಮ್ಮ ಜಗುಲಿಗೆ ಬಂದಾಗ ಅವಳ ದುಪಟ್ಟಾದ ತುಂಬ ರಕ್ತದ ಕಲೆಗಳಿದ್ದವು. ಅವಳದಲ್ಲ, ಅವಳ ಅಣ್ಣನದು. ಅದನ್ನು ಬದಲಿಸಲೂ ನಿಲ್ಲದೆ ಕಿರವತ್ತಿಯಿಂದ ಶಿರಸಿಗೆ ಬಸ್ಸು ಹತ್ತಿದ್ದಳು.

"ಖಾಲಾ, ಜಾವೇದ್ ಭಾಯಿಯ ಬಲಗೈ ಬೆರಳು ಮುರದಾರ," ಎಂದಳು. "ಧಾಬಾದ ಮುಂದ ಲಾರಿ ಮಂದಿ ಕೈಗೆ ಸಿಕ್ಕಿದ್ದರಾಗ ಬಡದ್ರು. ಆಮೇಲೆ ಪೊಲೀಸರು ಒಯ್ದ್ರು. ಕೊಲೆ ಕೇಸ್ ಹಾಕ್ತಾರಂತ. ಅವ ಕೊಂದಿಲ್ರಿ."

ಮೈಮೂನಾ ಬೇಗಂ ಅವಳನ್ನು ಕೂರಿಸಿ ನೀರು ಕೊಟ್ಟರು. ವಿಮಾ ಕಂಪನಿಯೊಂದಕ್ಕೆ ಅಪಘಾತದ ವಾಹನಗಳನ್ನು ಪರೀಕ್ಷಿಸುವುದು ಅವರ ವೃತ್ತಿಯಾಗಿತ್ತು. ನಿವೃತ್ತರಾದ ಮೇಲೆ ಜನ ನಜ್ಜುಗುಜ್ಜಾದ ಕಾರುಗಳ ಬದಲು ಬೇರೆ ಗೋಳುಗಳನ್ನು ತರತೊಡಗಿದ್ದರು. ನಾನು ಅವರ ಮಹಡಿಯ ಬಾಡಿಗೆದಾರ, ಹೆಸರು ಪ್ರಥಮ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಅವರ ಕಾರು ಓಡಿಸಿಕೊಂಡಿದ್ದೆ.

"ಸತ್ತದ್ದು ಯಾರು?"

"ಯಲ್ಲಾಪುರದ ಉಲ್ಲಾಸ. ಭಾಯಿಯ ಗ್ಯಾರೇಜಿನ್ಯಾಗ ಕಾರು ಕಟ್ಟತಿದ್ನಲ್ರಿ, ಅವ."

ಆ ಕಾರಿನ ಸುದ್ದಿ ನಮಗೂ ಗೊತ್ತಿತ್ತು. ಮೇಲೆ ಚಾವಣಿಯಿಲ್ಲ, ಬಾಗಿಲಿಲ್ಲ, ಎರಡೇ ಸೀಟು, ಫೈಬರಿನ ಮೈ. ಇಬ್ಬರು ಸೇರಿದರೆ ಹಿಂಭಾಗ ಎತ್ತಿ ಪಕ್ಕಕ್ಕಿಡಬಹುದಾದಷ್ಟು ಹಗುರ. ಹಳೆಯ ವಿಮಾನ ಪಟ್ಟಿಯೊಂದರಲ್ಲಿ ನಡೆಯಲಿದ್ದ ರೇಸಿಗೆಂದು ಉಲ್ಲಾಸ ಮತ್ತು ಅವನ ಗೆಳೆಯ ಸುಭಾಷ ಎರಡು ವರ್ಷದಿಂದ ಅದನ್ನು ಕಟ್ಟುತ್ತಿದ್ದರು. ಉಳಿದಿದ್ದದ್ದು ಪಕ್ಕದ ಕನ್ನಡಿಗಳನ್ನು ಕೂರಿಸುವುದು ಮಾತ್ರ.

ಜಗಳ ಶುರುವಾಗಿದ್ದು ಅಲ್ಲೇ. ಓಡಿಸುವವನ ಕೈಗೆ ಕನ್ನಡಿ ಎಟುಕಬೇಕು ಎಂದ ಜಾವೇದ್. ಉಲ್ಲಾಸನಿಗೆ ಅವು ದೂರದಲ್ಲಿ, ಬಾನೆಟ್ಟಿನ ಎರಡು ಅಂಚಿನಲ್ಲಿ ನಿಲ್ಲಬೇಕಿತ್ತು; ನೋಟಕ್ಕೆ ಅದೇ ಚೆಂದವಂತೆ. ಮಾತಿಗೆ ಮಾತು ಬೆಳೆದು ಉಲ್ಲಾಸ ಗ್ಯಾರೇಜಿನ ಪಕ್ಕದ ಧಾಬಾದವರ ಎದುರೇ ಜಾವೇದನ ಕೆನ್ನೆಗೆ ಬಾರಿಸಿದ್ದ. ಜಾವೇದ್ ಕೊನೆಗೆ ಉಲ್ಲಾಸ ಹೇಳಿದಲ್ಲಿಗೇ ಕನ್ನಡಿ ಕೂರಿಸಿ, ನಟ್ಟು ಸಡಿಲ ಬಿಟ್ಟು, ಸಂಜೆ ನೀವೇ ಹೊಂದಿಸಿಕೊಳ್ಳಿ ಎಂದು ಶಟರಿನ ಕೀಲಿ ಕೊಟ್ಟು ಮನೆಗೆ ಹೋದ. ಬೆಳಿಗ್ಗೆ ಬಂದು ನೋಡಿದರೆ ಉಲ್ಲಾಸ ಓಡಿಸುವ ಸೀಟಿನಲ್ಲಿ ಕೂತಿದ್ದ. ತಲೆಯ ಹಿಂಭಾಗ ತೆಂಗಿನ ಚಿಪ್ಪಿನಂತೆ ಒಡೆದಿತ್ತು. ಚಕ್ರ ಬಿಚ್ಚುವ ವೀಲ್ ಪಾನಾ ಕೆಳಗೆ ಬಿದ್ದಿತ್ತು. ಜೀವ ಇದೆಯೋ ಎಂದು ಜಾವೇದ್ ಅವನನ್ನು ಎತ್ತಲು ಹೋಗಿ ಕೈಯೆಲ್ಲ ರಕ್ತ ಮಾಡಿಕೊಂಡ. ಲಾರಿಯವರು ಕಂಡಿದ್ದು ಆ ಕೈಯನ್ನು.

"ನನ್ನ ಭಾಯಿಗೆ ಕೈಯೊಂದೇ ಆಸ್ತಿರಿ. ಅದನ್ನೂ ಮುರದ್ರು. ಇನ್ನ ಹೆಸರೂ ಹೋದ್ರ ಏನ್ ಉಳೀತು?"

ಮೈಮೂನಾ ಬೇಗಂ ಚಪ್ಪಲಿ ಮೆಟ್ಟಿದರು.

ಕಿರವತ್ತಿಯಲ್ಲಿ ಗ್ಯಾರೇಜಿಗೆ ಹಗ್ಗ ಕಟ್ಟಿ ಪೊಲೀಸನೊಬ್ಬನನ್ನು ನಿಲ್ಲಿಸಿದ್ದರು. ತನಿಖೆ ನಡೆಸುತ್ತಿದ್ದ ಇನ್‌ಸ್ಪೆಕ್ಟರ್ ಜಟ್ಟಪ್ಪನಿಗೆ ನಮ್ಮ ಪರಿಚಯವಿತ್ತು.

"ಬರ್ರಿ ಮೇಡಂ. ಈ ಸಲ ನಿಮಗ ಕೆಲಸ ಇಲ್ಲ," ಎಂದ. "ಕನ್ನಡಿ ಕೂತದ್ದು ಬಾನೆಟ್ಟಿನ ಮ್ಯಾಲ. ಸೀಟಿನಿಂದ ಕೈ ಎಟುಕೂದಿಲ್ಲ. ಒಬ್ಬ ಒಳಗ ಕೂತು 'ಮ್ಯಾಲ, ಕೆಳಗ' ಅನ್ನಬೇಕು, ಇನ್ನೊಬ್ಬ ಮುಂದ ನಿಂತು ತಿರುಗಿಸಬೇಕು. ಉಲ್ಲಾಸ ಕೂತಿದ್ದ. ನಟ್ಟು ಬಿಗಿಯಾಗ್ಯಾವ. ತಿರುಗಿಸಿದವ ಮೆಕ್ಯಾನಿಕ್ ಅಲ್ದ ಮತ್ಯಾರು?"

"ಹೆಣ ತೆಗೆದ ಮೇಲೆ ಕನ್ನಡಿ ಯಾರಾದ್ರೂ ಮುಟ್ಟಿದ್ರಾ?"

"ಒಂದು ಬೆರಳೂ ತಾಗಿಲ್ಲ. ಫೋಟೋ ಅದಾವ."

ಕಾರಿನ ಬೆನ್ನು ಶಟರಿನ ಕಡೆಗಿತ್ತು. ಸೀಟಿನ ಮೇಲಿನ ರಕ್ತ ಆ ಗಾಯಕ್ಕೆ ಹೋಲಿಸಿದರೆ ಕಡಿಮೆ ಎನಿಸಿತು. ಬಾನೆಟ್ಟಿನ ಮುಂದೆ ನೆಲದ ಮೇಲೆ ಮರದ ಹೊಟ್ಟು ದಪ್ಪಗೆ ಹರಡಿತ್ತು. ಆಯಿಲ್ ಚೆಲ್ಲಿದಾಗ ಗ್ಯಾರೇಜಿನವರು ಹಾಗೆ ಹಾಕುವುದುಂಟು. ಮೈಮೂನಾ ಬೇಗಂ ಬಲಗಡೆಯ ಕನ್ನಡಿಯ ಮುಂದೆ ಬಗ್ಗಿ ನಿಂತರು. ಗಾಜು ಸ್ವಚ್ಛವಾಗಿತ್ತು. ಅದರ ಬೆನ್ನಿನ ಕಪ್ಪು ಕವಚದ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆಗಳಿದ್ದವು. ಒಂದು ಚುಕ್ಕೆ ಬಿಗಿದ ನಟ್ಟಿನ ಅಡಿಗೆ ಅರ್ಧ ಸೇರಿಕೊಂಡಿತ್ತು.

"ಪ್ರಥಮ, ಪೊಲೀಸರ ಕಾಗದದ ಪ್ರಕಾರ ನೀನೂ ಉಲ್ಲಾಸನೂ ಒಂದೇ ಎತ್ತರ. ಕೂತ್ಕೊ."

ಸತ್ತವನ ಸೀಟಿನಲ್ಲಿ ಕೂರುವುದು ಎಂಥದ್ದೆಂದು ಹೇಳಲು ನನಗೆ ಬರುವುದಿಲ್ಲ. ಬಾಗಿಲಿಲ್ಲದ ಕಾರು, ಕಾಲು ಎತ್ತಿ ಅಂಚು ದಾಟಿ ಮೈಯನ್ನು ಒಳಗೆ ಇಳಿಬಿಡಬೇಕು. ಸೀಟು ಅಲುಗುವಂತಿರಲಿಲ್ಲ, ಬೋಲ್ಟು ಹಾಕಿ ಬಿಗಿದಿದ್ದರು.

"ಏನು ಕಾಣ್ತದೆ?"

"ಶಟರಿನ ಪೆಟ್ಟಿಗೆ. ಅದರ ಕೆಳಗೆ ಒಂದಿಷ್ಟು ಆಕಾಶ."

"ಎರಡರಲ್ಲೂ?"

"ಎರಡರಲ್ಲೂ."

ಅವರು ತಲೆಯಾಡಿಸಿ ಧಾಬಾದ ಕಡೆ ಹೊರಟರು.

ಧಾಬಾದ ಚಪ್ಪರದ ಕೆಳಗೆ ಸತ್ತವನ ಮನೆಯವರು ಕೂತಿದ್ದರು. ಹೆಂಡತಿ ದಿವ್ಯಾ ಅತ್ತಿರಲಿಲ್ಲ. ಪಕ್ಕದಲ್ಲಿ ಚಿಕ್ಕಪ್ಪ ಅಂದಾನಪ್ಪ, ಒಂದು ಮೊಣಕಾಲು ಮಡಚಲಾಗದೆ ಕಂಬದಂತೆ ಮುಂದೆ ಚಾಚಿಕೊಂಡಿದ್ದ. ಎತ್ತರದ, ಸಿಟ್ಟಿನ ಮನುಷ್ಯ. ಆ ಕಾರಿಗೆ ಬೆಂಕಿ ಇಡುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದವನು.

"ಅಂದಿದ್ದೆ. ಈಗಲೂ ಅಂತೀನಿ," ಎಂದ. "ಹುಡುಗನ ತಲಿ ತಿಂತು ಆ ಡಬ್ಬಿ."

ಸುಭಾಷ ಚಹಾ ಹಿಡಿದು ಚಪ್ಪರದ ಅಂಚಿಗೆ ತಲೆ ತಾಗದಂತೆ ಬಗ್ಗಿ ಒಳಬಂದ. ಕಣ್ಣು ಕೆಂಪಾಗಿದ್ದವು.

"ರೇಸಿನಲ್ಲಿ ಓಡಿಸುವವನು ನೀನಾ?" ಮೈಮೂನಾ ಬೇಗಂ ಕೇಳಿದರು.

"ಅಲ್ರಿ, ದಿವ್ಯಾ. ಮೊದಲಿಂದ್ಲೂ ಹಾಂಗ ಇತ್ತು. ನನಗೇನೂ ಬ್ಯಾಸರ ಇರಲಿಲ್ಲ. ಆ ಸೀಟಿನ್ಯಾಗ ನಾ ಒಂದಿನನೂ ಕೂತವನಲ್ಲ. ಉಲ್ಲಾಸ ಯಾರನ್ನೂ ಕೂಡ್ರಸ್ತಿರಲಿಲ್ಲ."

ದಿವ್ಯಾ ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ಕೈ ತೊಳೆಯುವ ನೆಪದಲ್ಲಿ ಎದ್ದು ಬಂದು ನಮಗೆ ಮೆಲ್ಲಗೆ ಹೇಳಿದಳು: "ಓಡಸಾಕಿ ನಾನು ಅಂತ ನನಗೇ ಗೊತ್ತಾಗಿದ್ದು ಅವರು ಸತ್ತ ದಿನ ಮಧ್ಯಾಹ್ನ. 'ಸುಭಾಷಗ ಇವತ್ತು ಸಂಜೀಕ ಹೇಳ್ತೀನಿ' ಅಂದು ಮನಿ ಬಿಟ್ರು."

ಮರುದಿನ ಎಲ್ಲರೂ ಗ್ಯಾರೇಜಿನಲ್ಲಿ ಸೇರಿದರು. ಜಟ್ಟಪ್ಪ ಜಾವೇದನನ್ನೂ ಕರೆತಂದಿದ್ದ. ಅವನ ಬಲಗೈ ಬ್ಯಾಂಡೇಜಿನಲ್ಲಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಶಾಜಿಯಾ ಅವನ ಇನ್ನೊಂದು ಕೈ ಹಿಡಿದು ನಿಂತಿದ್ದಳು.

"ಕೂತವನು ಉಲ್ಲಾಸ, ತಿರುಗಿಸಿದವನು ಜಾವೇದ್ ಅಂತ ಪೊಲೀಸರು ಹೇಳ್ತಾರೆ," ಮೈಮೂನಾ ಬೇಗಂ ಶುರುಮಾಡಿದರು. "ಹಾಗಿದ್ರೆ ಕನ್ನಡಿಯಲ್ಲಿ ಉಲ್ಲಾಸನ ಕಣ್ಣಿಗೆ ಹಿಂದಿನ ರಸ್ತೆ ಕಾಣ್ಬೇಕಿತ್ತು. ಅಷ್ಟೇ ಎತ್ತರದ ಪ್ರಥಮನಿಗೆ ಆಕಾಶ ಕಾಣ್ತು. ಕಣ್ಣು ಕೆಳಗಿದ್ರೆ ಕನ್ನಡಿ ಮೇಲಿನದ್ದನ್ನ ತೋರಿಸ್ತದೆ. ಅಂದ್ರೆ ಕೂತವನು ಉಲ್ಲಾಸನಿಗಿಂತ ಎತ್ತರ. ಜಾವೇದ್ ಗಿಡ್ಡ, ಅವನಲ್ಲ."

ನಾನು ಅಂದಾನಪ್ಪನತ್ತ ನೋಡಿದೆ. ಜಟ್ಟಪ್ಪನೂ ನೋಡಿದ.

"ಏನ್ ನೋಡ್ತೀರಿ? ಈ ಕಾಲು ಎತ್ತಿ ಆ ತೊಟ್ಟಿಯೊಳಗ ಇಳಿಯಾಕ ನನ್ನ ನಾಲ್ಕು ಮಂದಿ ಹೊರಬೇಕು," ಎಂದ ಅಂದಾನಪ್ಪ.

"ಅದೂ ಸರಿ," ಎಂದರು ಮೈಮೂನಾ ಬೇಗಂ. "ಸುಭಾಷ, ನೀನು ಕೂತು ನೋಡಪ್ಪ. ಏನು ಕಾಣ್ತದೆ ಹೇಳು."

ಸುಭಾಷ ಒಂದು ಗಳಿಗೆ ತಡೆದ. ಆಮೇಲೆ ಕಾಲು ಎತ್ತಿಟ್ಟು ಸಲೀಸಾಗಿ ಒಳಗೆ ಜಾರಿದ. ಅದು ಮೊದಲ ಸಲ ಇಳಿಯುವವನ ರೀತಿಯಾಗಿರಲಿಲ್ಲ.

"ಆಕಾಶ," ಎಂದ.

"ರಸ್ತೆ ಕಾಣೋದಿಲ್ವಾ?"

"ಇಲ್ರಿ. ಬರೇ ಆಕಾಶ."

ಶಟರಿನ ಕಡೆಯಿಂದ ದಿವ್ಯಾ ಬರಿಗಾಲಲ್ಲಿ ಅವನ ಬೆನ್ನ ಹಿಂದಕ್ಕೆ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಇನ್ನೊಂದು ವೀಲ್ ಪಾನಾ ಇತ್ತು. ಸದ್ದಿಲ್ಲದೆ ಅದನ್ನು ತಲೆಯ ಮೇಲಕ್ಕೆ ಎತ್ತಿದಳು. ಸುಭಾಷ ಹಿಂದೆ ತಿರುಗಲಿಲ್ಲ. ಆದರೆ ಎರಡೂ ಕೈಗಳಲ್ಲಿ ತಲೆ ಮುಚ್ಚಿಕೊಂಡು ಪಕ್ಕದ ಸೀಟಿನ ಮೇಲೆ ಉರುಳಿದ.

"ಆಕಾಶದಲ್ಲಿ ಏನು ಕಂಡೆ, ಸುಭಾಷ?" ಎಂದರು ಮೈಮೂನಾ ಬೇಗಂ.

ಎತ್ತಿ ಹಿಡಿದರೆ ಸಾಕು ಎಂದು ಮೈಮೂನಾ ಬೇಗಂ ದಿವ್ಯಾಗೆ ಮೊದಲೇ ಹೇಳಿದ್ದರು. ಪಾನಾ ಎತ್ತಿದಲ್ಲಿ ನಿಲ್ಲಲಿಲ್ಲ. ಅವನ ಕಿವಿ ಸವರಿಕೊಂಡು ಬಂದು ಫೈಬರನ್ನು ಸೀಳಿತು. ಮತ್ತೆ ಎತ್ತಿದಳು. ಎರಡನೆಯ ಏಟು ಅವನ ಮುಂಗೈಗೆ ಬಿತ್ತು. ಎಲುಬು ಮುರಿದ ಸದ್ದು ನಮಗೆಲ್ಲ ಕೇಳಿಸಿತು. ಮೂರನೆಯದಕ್ಕೆ ಮುಂಚೆ ನಾನೂ ಜಟ್ಟಪ್ಪನೂ ಅವಳನ್ನು ಹಿಡಿದೆವು. ಜಟ್ಟಪ್ಪ ಪಾನಾ ಕಿತ್ತುಕೊಂಡ.

ಮೈಮೂನಾ ಬೇಗಂ ಉಳಿದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದರು. "ಹಿಂದಿದ್ದ ದಿವ್ಯಾ ಇವನಿಗೆ ಕನ್ನಡಿಯಲ್ಲಿ ಕಂಡಳು, ಅವು ಹೊಂದಿಸಿದ್ದು ಇವನ ಕಣ್ಣಿಗೇ. ರಕ್ತ ಸಿಡಿದದ್ದು ಕನ್ನಡಿಯ ಬೆನ್ನಿಗೆ, ಗಾಜಿಗಲ್ಲ. ಏಟು ಬಿದ್ದಾಗ ಉಲ್ಲಾಸ ಸೀಟಿನಲ್ಲಿರಲಿಲ್ಲ, ಬಾನೆಟ್ಟಿನ ಮುಂದೆ ಬಗ್ಗಿ ಕನ್ನಡಿ ತಿರುಗಿಸ್ತಿದ್ದ. ಆ ಹೊಟ್ಟಿನ ಕೆಳಗೆ ಅಗೆದು ನೋಡಿ, ಆಯಿಲ್ ಸಿಗೋದಿಲ್ಲ. ಕೊಂದ ಮೇಲೆ ಇವನು ಹೆಣ ಎತ್ತಿ ಸೀಟಿನಲ್ಲಿ ಕೂರಿಸಿದ. ಮೆಕ್ಯಾನಿಕ್ ಕೆಲಸ ಮುಗಿಸಿದ ಹಾಗೆ ಕಾಣ್ಲಿ ಅಂತ ನಟ್ಟುಗಳನ್ನೂ ಬಿಗಿದ. ಅದಕ್ಕೇ ನಟ್ಟಿನ ಅಡಿಯಲ್ಲಿ ರಕ್ತದ ಚುಕ್ಕೆ ಸಿಕ್ಕಿಹಾಕಿಕೊಂಡಿದೆ. ಸಡಿಲ ಬಿಟ್ಟಿದ್ರೆ ಕನ್ನಡಿ ಅಲ್ಲಾಡಿ ಎಲ್ಲೋ ತಿರುಗಿರ್ತಿತ್ತು, ನಮಗೆ ಏನೂ ಗೊತ್ತಾಗ್ತಿರಲಿಲ್ಲ. ತನ್ನ ಕಣ್ಣನ್ನ ತಾನೇ ಬಿಗಿದು ಹೋದ."

ಸುಭಾಷ ಮುರಿದ ಕೈಯನ್ನು ಎದೆಗೊತ್ತಿಕೊಂಡು ಎದ್ದು ಕೂತ.

"ನನ್ನ ಕೂಡ್ರಿಸಿದಾಗ, ನಾನ ಓಡಸ್ತೀನಿ ಅಂದ್ಕೊಂಡೆ," ಎಂದ. "ಕನ್ನಡಿ ಹೊಂದಿಸಿದ. 'ನಿನ್ನಷ್ಟು ಉದ್ದ ಇದ್ದವಗೂ ಕಾಣತೈತೋ ಇಲ್ಲೋ ಅಂತ ನೋಡಿದ್ದು, ಇಳಿ. ಓಡ್ಸಾಕಿ ದಿವ್ಯಾ' ಅಂತ ನಕ್ಕ. ಎರಡು ವರ್ಷ ನಾ ಅವಗ ಬರೇ ಅಳತಿ ಕೋಲು. ಇಳಿದು ಮುಂದ ಹೋದೆ. ಇನ್ನೂ ನಗತಿದ್ದ."

ಅಂದಾನಪ್ಪ ಕೋಲೂರಿ ಎದ್ದು, ಅವನತ್ತ ನೋಡದೆ ಹೊರಗೆ ನಡೆದ.

ಕೋರ್ಟು ಕಾರನ್ನು ಮನೆಯವರ ವಶಕ್ಕೆ ಬಿಟ್ಟಾಗ ದಿವ್ಯಾ ಅದನ್ನು ಟೆಂಪೋದಲ್ಲಿ ಹಾಕಿಸಿ ಅದೇ ಗ್ಯಾರೇಜಿಗೆ ತಂದಳು. ನಾವೂ ಹೋಗಿದ್ದೆವು. ಅವಳ ಮೇಲೂ ಹಲ್ಲೆಯ ಕೇಸು ನಡೆಯುತ್ತಿತ್ತು. ಫೈಬರಿನ ಸೀಳನ್ನು ಮುಚ್ಚುವುದು ಬೇಡ ಎಂದಳು. ನಂತರ ಜಾವೇದನ ಮುಂದೆ ಕೈಕಟ್ಟಿ ನಿಂತಳು.

"ನಮ್ಮನಿಯವರು ಕೆನ್ನಿಗೆ ಹೊಡೆದದ್ದಕ್ಕ ನಾ ಕ್ಷಮಾ ಕೇಳ್ತೀನಣ್ಣ. ಕನ್ನಡಿ ನನ್ನ ಕಣ್ಣಿಗೆ ಹೊಂದಿಸಿ ಕೊಡ್ರಿ. ಕೈಗೆ ಎಟುಕೂ ಹಾಂಗ, ನೀವು ಮೊದಲ ಹೇಳಿದಲ್ಲಿ."

ಜಾವೇದನ ಎರಡು ಬೆರಳು ಇನ್ನೂ ಮಡಚುತ್ತಿರಲಿಲ್ಲ. ಅವನು ಪಾನಾವನ್ನು ಎಡಗೈಗೆ ತೆಗೆದುಕೊಂಡ, ಹಿಡಿತ ಸಿಗಲಿಲ್ಲ. ಶಾಜಿಯಾ ಮುಂದೆ ಬಂದು ಅದನ್ನು ಈಸಿಕೊಂಡಳು.

"ನೀ ಹೇಳು ಭಾಯಿ, ನಾ ತಿರಗಸ್ತೀನಿ."

ದಿವ್ಯಾ ಸೀಟಿಗೆ ಇಳಿದಳು. ಜಾವೇದ್ ಹೇಳುತ್ತ ಹೋದ, ಶಾಜಿಯಾ ಹಳೆಯ ನಟ್ಟುಗಳನ್ನು ಸಡಿಲಿಸಿ ಕನ್ನಡಿಗಳನ್ನು ಸೀಟಿನ ಹತ್ತಿರಕ್ಕೆ ತಂದು ಕೂರಿಸಿದಳು. ಹಿಂದೆ ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

"ಈಗ ಏನ್ ಕಾಣ್ತದವಾ?" ಎಂದು ಜಾವೇದ್ ಕೇಳಿದ.

ಅವಳು ಕನ್ನಡಿಯನ್ನು ನೋಡುತ್ತ ಕೂತಳು.

"ರಸ್ತೆ," ಎಂದಳು.