ಬುಗ್ಗೆಯ ದಡದಲ್ಲಿ ಕರಿಮಣಿ

ಎಂಟು ತಿಂಗಳು ಫೋನಿನಲ್ಲಷ್ಟೇ ಕೇಳಿದ್ದ ದನಿಗೆ ಒಂದು ಮುಖ ದೊರೆತದ್ದು ಏಪ್ರಿಲ್ ಇಪ್ಪತ್ತೈದರ ಸಂಜೆ ನಾಲ್ಕು ಗಂಟೆಗೆ. ಆ ಮುಖ ಅರುಂಧತಿಯ ಕಣ್ಣುಗಳನ್ನು ಕಂಡು ಅರಳಿತು. ಕೊರಳನ್ನು ಕಂಡು ಬಾಡಿತು. ನಡುವಿನ ಅಂತರ ಎರಡು ಸೆಕೆಂಡಿಗಿಂತ ಹೆಚ್ಚಿರಲಾರದು.

“ಅರುಂಧತಿಯವರೇ ಅಲ್ವಾ? ನೀವು ಬಾಯಿ ಬಿಡೋಕೆ ಮುಂಚೆನೇ ಗೊತ್ತಾಯ್ತು ನೋಡಿ,” ಎನ್ನುತ್ತ ಟೆಂಟಿನ ಗೂಟಗಳನ್ನು ಹುಲ್ಲಿನ ಮೇಲೆಸೆದು ಬಂದ ಸುಘೋಷ್, ಐದು ಹೆಜ್ಜೆ ದೂರದಲ್ಲೇ ನಿಂತ. ಕೈಯಲ್ಲಿದ್ದ ಪಟ್ಟಿಯ ಕಡೆಗೆ ಕಣ್ಣು ತಿರುಗಿಸಿ, “ನಿಮ್ಮ ಟೆಂಟ್ ಹನ್ನೊಂದನೇದು, ಮೇಡಂ. ಹೊಳೆ ಕಡೆ,” ಎಂದ.

ಎಂಟು ತಿಂಗಳಲ್ಲಿ ಒಮ್ಮೆಯೂ ಅವನು ಅವಳನ್ನು ಮೇಡಂ ಎಂದು ಕರೆದಿರಲಿಲ್ಲ.

ಅರುಂಧತಿಯ ಕೈ ತಾನಾಗಿ ಕೊರಳಿಗೆ ಹೋಯಿತು. ಬೆರಳಿಗೆ ಸಿಕ್ಕಿದ್ದು ಎರಡೆಳೆ ಕರಿಮಣಿ, ಅದರ ನಡುವೆ ಎರಡು ಪುಟ್ಟ ಬಟ್ಟಲು.

ಅದು ತಾಳಿಯಾಗಿರಲಿಲ್ಲ. ತಾಳಿಯನ್ನು ಅವಳು ನಾಲ್ಕು ವರ್ಷದ ಹಿಂದೆಯೇ, ಕೋರ್ಟಿನ ಕಾಗದ ಕೈಸೇರಿದ ದಿನ, ಕಟ್ಟಿದವನ ಮನೆಗೆ ಹಿಂದಿರುಗಿಸಿದ್ದಳು. ಅದೇ ವರ್ಷದ ಯುಗಾದಿ ಕೂಟದಲ್ಲಿ ಹೆಂಗಸರು ಅವಳ ಬರಿಗೊರಳನ್ನು ನೋಡಿ ಎಲೆಗೆ ಹೋಳಿಗೆಗಿಂತ ಹೆಚ್ಚು ಕನಿಕರ ಬಡಿಸಿದರು. ಒಬ್ಬಾಕೆ, ಇಬ್ಬರು ವಿಧುರರ ಫೋನ್ ನಂಬರನ್ನು ಪೇಪರ್ ನ್ಯಾಪ್‌ಕಿನ್ನಿನ ಮೇಲೆ ಬರೆದುಕೊಟ್ಟಳು. ಅರುಂಧತಿ ಸಿಡ್ನಿಯ ಆ ಸಬರ್ಬನ್ನೇ ಬಿಟ್ಟು ಊರಿನ ಇನ್ನೊಂದು ಮೂಲೆಗೆ ಹೋದಳು. ಪೆಂಡಲ್ ಹಿಲ್‌ಗೆ ಬಂದ ಮೊದಲ ವಾರ, ಸ್ಟೇಷನ್ ಎದುರಿನ ಅಂಗಡಿಯಲ್ಲಿ ಉದ್ದಿನಬೇಳೆಯ ಜೊತೆಗೆ ಒನ್ ಗ್ರಾಂ ಗೋಲ್ಡಿನ ಈ ಸರವನ್ನೂ ಕೊಂಡಳು. ಕನ್ನಡದವರು ಸೇರುವ ಕಡೆಗೆ ಹೊರಟಾಗ, ಚಪ್ಪಲಿ ಮೆಟ್ಟುವಷ್ಟೇ ಸಹಜವಾಗಿ ಅದನ್ನು ತೊಡುವಳು. ಯಜಮಾನರು ಎಲ್ಲಿ ಎಂದು ಕೇಳಿದವರಿಗೆ, ಪರ್ತ್‌ನಲ್ಲಿ ಪ್ರಾಜೆಕ್ಟ್ ಎನ್ನುವಳು. ಆ ಎರಡು ಪದಗಳು ನಾಲ್ಕು ವರ್ಷ ಅವಳನ್ನು ಕಾಪಾಡಿದ್ದವು.

ಇಂದು ಕಾಪಾಡಲಿಲ್ಲ.

*

ಸಿಡ್ನಿಯ ಕನ್ನಡಿಗರ ಗುಂಪು, ಮೆಲ್ಬರ್ನಿನ ಗುಂಪು ಎರಡೂ ಸೇರಿ ಒಂದು ಕ್ಯಾಂಪ್ ಮಾಡಬೇಕೆಂಬ ಯೋಚನೆ ಹುಟ್ಟಿದ್ದು ಹಿಂದಿನ ಸೆಪ್ಟೆಂಬರಿನಲ್ಲಿ. ಇತ್ತ ಇವರಿಗೂ ಭಾರವಾಗದಂತೆ ಅತ್ತ ಅವರಿಗೂ ಭಾರವಾಗದಂತೆ ಆರಿಸಿದ ಜಾಗ ಯಾರಂಗೊಬಿಲಿ: ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದ ಕಾಡು, ಹೊಳೆಯ ದಂಡೆಯಲ್ಲಿ ಟೆಂಟು ಹೂಡುವ ಹುಲ್ಲುಗಾವಲು, ಅಲ್ಲಿಂದ ಸ್ವಲ್ಪ ದೂರದ ಕಣಿವೆಯಲ್ಲಿ ಬಿಸಿನೀರಿನ ಬುಗ್ಗೆ. ಸಿಡ್ನಿಯಿಂದ ಬರುವವರ ಪಟ್ಟಿ ಅರುಂಧತಿಯದು, ಮೆಲ್ಬರ್ನಿನದು ಕ್ರಾನ್‌ಬರ್ನ್‌ನ ಸುಘೋಷನದು. ಎರಡು ಪಟ್ಟಿಗಳನ್ನು ತಾಳೆ ನೋಡಲು ಭಾನುವಾರ ಸಂಜೆ ಏಳಕ್ಕೆ ಒಂದು ಫೋನು.

ಮೊದಲ ಫೋನು ಒಂಬತ್ತು ನಿಮಿಷದ್ದು. ಡಿಸೆಂಬರಿನ ಹೊತ್ತಿಗೆ ಅದು ತೊಂಬತ್ತು ನಿಮಿಷಕ್ಕೆ ಬೆಳೆದಿತ್ತು. ತಾಳೆ ನೋಡುವಂಥದ್ದು ಏನೂ ಉಳಿದಿರಲಿಲ್ಲ. ಅವನು ಮೈಸೂರಿನ ಒಂಟಿಕೊಪ್ಪಲಿನ ಬೀದಿಗಳನ್ನು ಒಂದೊಂದಾಗಿ ವರ್ಣಿಸುತ್ತಿದ್ದ. ಅವಳು ಲ್ಯಾಬಿನಲ್ಲಿ ದಿನವಿಡೀ ನೋಡಿದ ರಕ್ತದ ಸ್ಲೈಡುಗಳ ವಿಚಾರ ಹೇಳಿ ಅವನ ಊಟ ಕೆಡಿಸುತ್ತಿದ್ದಳು. ನಗುವುದಕ್ಕೆ ಅಷ್ಟು ಸಾಕಾಗಿತ್ತು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ಒಬ್ಬರು’ ಎಂದಿದ್ದುದನ್ನು ಅವನು ನೋಡಿದ್ದ. ಅವನ ಹೆಸರಿನ ಮುಂದೆಯೂ ಅಷ್ಟೇ ಇದ್ದುದನ್ನು ಅವಳು ನೋಡಿದ್ದಳು.

ಜನವರಿಯ ಒಂದು ಭಾನುವಾರ ಅವನು ತಾನಾಗಿಯೇ ಹೇಳಿದ: “ನನಗೆ ಮದುವೆ ಆಗಿತ್ತು, ಅರುಂಧತಿ. ಎರಡು ವರ್ಷ ಅವಳು ಫೋನಲ್ಲಿ ಇನ್ನೊಬ್ಬನ ಹತ್ರ ಮಾತಾಡ್ತಿದ್ಲು. ಅಡುಗೆಮನೇಲಿ ನಗೋದು ಕೇಳಿಸೋದು. ಅವರಮ್ಮನ ಹತ್ರ ಇರ್ಬೇಕು ಅಂದ್ಕೊಂಡು ನಾನೂ ಖುಷಿಪಡ್ತಿದ್ದೆ. ಈಗ ನಾವು ಬೇರೆ ಬೇರೆ.”

ನನ್ನದೂ ಮುರಿದಿದೆ ಎಂಬ ಮಾತು ಅರುಂಧತಿಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳು ಅದನ್ನು ನುಂಗಿ, “ನಲವತ್ತು ಜನಕ್ಕೆ ಅಕ್ಕಿ ಎಷ್ಟು ಬೇಕಾಗತ್ತೆ?” ಎಂದು ಕೇಳಿದಳು.

ಆ ಕಡೆ ತಟ್ಟೆ ಸರಿಸಿದ ಸದ್ದಾಯಿತು. “ತಲೆಗೆ ನೂರಿಪ್ಪತ್ತೈದು ಗ್ರಾಂ. ಐದು ಕಿಲೋ,” ಎಂದ.

ಆ ರಾತ್ರಿಯ ನಾಚಿಕೆ ಅವಳನ್ನು ಇಂದಿಗೂ ಬಿಟ್ಟಿರಲಿಲ್ಲ.

*

“ಎಂತ ಮಾರಾಯ್ತಿ, ಆ ಹುಡುಗ ನಿನ್ನನ್ನು ನೋಡಿ ಹಾವು ಮೆಟ್ಟಿದವನ ಹಾಗೆ ಮಾಡಿದ?” ಎಂದಳು ವಿಯೋಲಾ. ಅವಳು ಮಂಗಳೂರು ಕಡೆಯ ನರ್ಸ್. ಪೆಂಡಲ್ ಹಿಲ್‌ನಲ್ಲಿ ಅರುಂಧತಿಯೊಂದಿಗೆ ಒಂದೇ ಮನೆಯಲ್ಲಿ ಬಾಡಿಗೆಗಿದ್ದವಳು. ಸರದ ಗುಟ್ಟು ಬಲ್ಲ ಏಕೈಕ ವ್ಯಕ್ತಿ.

ಅರುಂಧತಿ ಸರವನ್ನು ಎತ್ತಿ ತೋರಿಸಿದಳು.

“ಅಯ್ಯೋ ದೇವರೇ! ಇದನ್ನು ಯಾಕೆ ಹಾಕಿಕೊಂಡು ಬಂದದ್ದು ನೀನು?”

“ಅಭ್ಯಾಸ.”

“ಆ ಪರ್ತ್‌ನವ ಇನ್ನೂ ಅಲ್ಲಿ ಎಂತ ಮಾಡ್ತಿದ್ದಾನೆ? ನಾಲ್ಕು ವರ್ಷದಲ್ಲಿ ಅಣೆಕಟ್ಟು ಕಟ್ಟಿ ಮುಗಿಸಬಹುದಿತ್ತು. ಅವನನ್ನು ಕರೆಸು, ಇಲ್ಲದಿದ್ರೆ ಸಾಯಿಸು.” ವಿಯೋಲಾ ನಕ್ಕಳು, ಗೆಳತಿಯ ಮುಖ ನೋಡಿ ನಗು ನಿಲ್ಲಿಸಿದಳು. “ಹೋಗಿ ಹೇಳಿಬಿಡು. ಒಂದು ನಿಮಿಷದ ಕೆಲಸ.”

“ಹೇಳ್ತೀನಿ. ಊಟ ಆಗ್ಲಿ.”

ಆದರೆ ಊಟದ ಹೊತ್ತಿಗೇ ಕೆಲಸ ಕೆಟ್ಟಿತು. ಬೆಂಕಿಯ ಸುತ್ತ ಕುಳಿತು ಬಿಸಿಬೇಳೆಬಾತ್ ಉಣ್ಣುವಾಗ ಮೆಲ್ಬರ್ನಿನ ಸರಸ್ವತಿ ಆಂಟಿ ಎಲ್ಲರಿಗೂ ಕೇಳುವಂತೆ ವಿಚಾರಿಸಿದರು: “ಏನಮ್ಮಾ ಅರುಂಧತಿ, ಒಬ್ಬಳೇ ಬಂದಿದೀಯ? ನಿಮ್ಮೆಜಮಾನ್ರು?”

ಸುಘೋಷ್ ಎದುರಿಗೇ ಇದ್ದ. ಸತ್ಯಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಅರುಂಧತಿ ಬಾಯಿ ತೆರೆದಳು. ನಾಲ್ಕು ವರ್ಷ ಪಳಗಿದ ನಾಲಿಗೆ ಅವಳ ಅಪ್ಪಣೆಗೆ ಕಾಯಲಿಲ್ಲ.

“ಪರ್ತ್‌ನಲ್ಲಿ ಪ್ರಾಜೆಕ್ಟ್, ಆಂಟಿ.”

“ಪಾಪ,” ಎಂದರು ಆಂಟಿ.

ಸುಘೋಷ್ ಅರ್ಧ ಉಂಡ ತಟ್ಟೆಯನ್ನು ಹುಲ್ಲಿನ ಮೇಲಿಟ್ಟು ಎದ್ದುಹೋದ.

*

ಬೆಳಗ್ಗೆ ಹುಲ್ಲಿನ ಮೇಲೆಲ್ಲ ಬಿಳಿಯ ಹಿಮ ಕೂತಿತ್ತು. ಹೊಳೆಯಾಚೆ ಮೂರು ಕಾಂಗರೂಗಳು ಕಿವಿ ನಿಮಿರಿಸಿ ನಿಂತಿದ್ದವು. ಸುಘೋಷ್ ನೀರಿನ ಕ್ಯಾನು ತುಂಬಿಸುತ್ತಿದ್ದ. ಅವಳ ಹೆಜ್ಜೆಯ ಸದ್ದಿಗೆ ಅವನು ತಿರುಗಲಿಲ್ಲ. ಆದರೆ ಕ್ಯಾನು ತುಂಬಿ ಹೊರಚೆಲ್ಲುತ್ತಿದ್ದರೂ ಕೈ ತೆಗೆಯಲಿಲ್ಲ.

“ಸುಘೋಷ್, ಎರಡು ಮಾತು.”

“ನಾನು ಮಧ್ಯಾಹ್ನ ಹೊರಟುಬಿಡ್ತೀನಿ. ಪಟ್ಟಿ ನಮ್ಮ ಗುಂಪಿನ ನಾರಾಯಣ ಅಂಕಲ್‌ಗೆ ಕೊಟ್ಟಿರ್ತೀನಿ.”

“ನನ್ನ ಮಾತು ಕೇಳಿ ಮೊದ್ಲು.”

ಅವನು ಎದ್ದು ನಿಂತ. ರಾತ್ರಿ ಮಲಗಿರಲಿಲ್ಲವೆಂಬುದು ಕಣ್ಣಿನಲ್ಲೇ ಕಾಣುತ್ತಿತ್ತು. ಆ ಕಣ್ಣುಗಳು ಅವಳ ಮುಖದಲ್ಲಿ ಒಂದು ಕ್ಷಣ ನಿಂತು, ಮುಂಗುರುಳಿಗೆ ಅಂಟಿದ್ದ ಮಂಜಿನ ಹನಿಯನ್ನು ನೋಡಿ, ಕರಿಮಣಿಗೆ ತಾಗಿ ಹಿಂದೆ ಸರಿದವು.

“ಎಂಟು ತಿಂಗಳು ನಾನು ಭಾನುವಾರಕ್ಕೋಸ್ಕರ ಬದುಕಿದೀನಿ, ಅರುಂಧತಿ. ಇನ್ನೊಬ್ಬರ ಅಡುಗೆಮನೆ ಫೋನಿನ ಈ ತುದೀಲಿ ನಾನೇ ಇರ್ತೀನಿ ಅಂತ ಅಂದ್ಕೊಂಡಿರಲಿಲ್ಲ. ಅಲ್ಲಿ ಯಾರೋ ಒಬ್ಬ ಪರ್ತ್‌ನಲ್ಲಿ ಕೂತು, ನನ್ನ ಹೆಂಡ್ತಿ ಯಾರೋ ಗೆಳತಿ ಹತ್ರ ನಗ್ತಿದಾಳೆ ಅಂತ ಖುಷಿಪಡ್ತಿರ್ತಾನಲ್ಲ?”

“ಹಾಗಲ್ಲ ಅದು. ಇಲ್ಲಿ ಬೇಡ, ಆ ಮರದ ಹಿಂದೆ ಬನ್ನಿ. ಯಾರಾದ್ರೂ ಕೇಳಿಸ್ಕೋತಾರೆ. ನಾನು ಎಲ್ಲಾ ಹೇಳ್ತೀನಿ.”

ಅವಳು ಆಡಬಾರದ ಮಾತು ಅದೊಂದೇ ಆಗಿತ್ತು. ಸುಘೋಷನ ಮುಖ ಕಲ್ಲಾಯಿತು.

“ಮರದ ಹಿಂದೆ ಹೇಳೋಂಥ ಮಾತು ನನಗೆ ಬೇಡ. ಗುಟ್ಟು ಕೇಳಿ ಕೇಳಿ ಸಾಕಾಗಿದೆ. ಇನ್ನು ಭಾನುವಾರದ ಫೋನೂ ಬೇಡ.” ಕ್ಯಾನು ಎತ್ತಿಕೊಂಡು ಹೋದ. ಅವನ ಹೆಜ್ಜೆ ಬಿದ್ದಲ್ಲೆಲ್ಲ ಹಿಮ ಕರಗಿ ಹಸಿರು ಗುರುತು ಉಳಿಯಿತು.

ಅರುಂಧತಿ ಅಲ್ಲಿಯೇ ನಿಂತಳು. ಅವನಿಗೊಬ್ಬನಿಗೆ ಮಾತ್ರ, ಯಾರೂ ಇಲ್ಲದಲ್ಲಿ, ಮೆಲ್ಲನೆ ಹೇಳಿ, ಉಳಿದ ಮೂವತ್ತೆಂಟು ಜನರ ಮುಂದೆ ಸರವನ್ನು ಹಾಗೆಯೇ ಉಳಿಸಿಕೊಳ್ಳುವುದು ಅವಳ ಉದ್ದೇಶವಾಗಿತ್ತು. ಅದು ಅವನಿಗೆ ಕೊಡುವ ಸತ್ಯವಾಗುತ್ತಿರಲಿಲ್ಲ, ಅವನ ಪಾಲಿಗೆ ಇನ್ನೊಂದು ಗುಟ್ಟಾಗುತ್ತಿತ್ತು. ಇದು ಅವಳಿಗೆ ತಿಳಿಯುವ ಹೊತ್ತಿಗೆ, ಹಿಮದಲ್ಲಿ ನಿಂತ ಕಾಲಿನ ಬೆರಳುಗಳು ಮರಗಟ್ಟಿದ್ದವು.

*

ಬುಗ್ಗೆಗೆ ಕಡಿದಾದ ಇಳಿಜಾರಿನಲ್ಲಿ ಏಳುನೂರು ಮೀಟರ್ ನಡೆಯಬೇಕು. ಎರಡೂ ಬದಿಗೆ ನೀಲಗಿರಿ ಮರಗಳು. ಕೆಳಗೆ, ಹೊಳೆಯ ಪಕ್ಕ, ಕಲ್ಲು ಕಟ್ಟಿದ ಕೊಳದ ಮೇಲೆ ಬೆಳ್ಳನೆಯ ಆವಿ. ಎಲ್ಲರಿಗಿಂತ ಮೊದಲು ಇಳಿದ ನಾರಾಯಣ ಅಂಕಲ್ ಕಂಠಮಟ್ಟ ಮುಳುಗಿ ದೂರು ಶುರುಮಾಡಿದರು.

“ಇದೇನ್ರೀ ಸುಘೋಷ್, ಬಿಸಿನೀರು ಅಂತ ಐನೂರು ಕಿಲೋಮೀಟರ್ ಕರ್ಕೊಂಡ್ ಬಂದ್ರಿ? ನಮ್ಮನೆ ಗೀಸರೇ ವಾಸಿ.”

“ಇಪ್ಪತ್ತೇಳು ಡಿಗ್ರಿ, ಅಂಕಲ್. ಬೇಸಿಗೆ ಆಗ್ಲಿ, ಹಿಮ ಬೀಳ್ಲಿ, ಯಾವಾಗ್ಲೂ ಅಷ್ಟೇ,” ಎಂದ ಸುಘೋಷ್ ದಡದಿಂದ. “ಹೊರಗಡೆ ಮೂರು ಇದೆ. ಎದ್ದು ನೋಡಿ, ಬಿಸಿ ಅಂದ್ರೇನು ಗೊತ್ತಾಗತ್ತೆ.”

ಅಂಕಲ್ ಎದ್ದರು; ಕೂಗಿಕೊಂಡು ಮತ್ತೆ ಮುಳುಗಿದರು. ಕಣಿವೆಯೆಲ್ಲ ನಕ್ಕಿತು. ಸುಘೋಷ್ ನಗಲಿಲ್ಲ. ಅವನ ಕೆಲಸ ತಲೆ ಎಣಿಸುವುದು: ನಲವತ್ತು ಜನ ಇಳಿದರೆ ನಲವತ್ತು ಜನ ಮೇಲೆ ಬರಬೇಕು. ಆಮೇಲೆ ಅವನು ಹೊರಡುವವನು.

ಅರುಂಧತಿ ಕೊನೆಯವಳಾಗಿ ಬಂದಳು. ದಡದಲ್ಲಿ ನಿಂತು, ಎರಡು ಕೈಯನ್ನೂ ಕತ್ತಿನ ಹಿಂದಕ್ಕೊಯ್ದು, ಸರದ ಕೊಂಡಿ ಬಿಚ್ಚಿದಳು.

“ಅಯ್ಯಯ್ಯೋ, ತಾಳಿ ತೆಗೀಬಾರದು ಕಣಮ್ಮ!” ಸರಸ್ವತಿ ಆಂಟಿ ನೀರಿನಿಂದಲೇ ಚೀರಿದರು. “ಹಾಕ್ಕೊಂಡೇ ಇಳಿ. ನಾನೂ ಹಾಕ್ಕೊಂಡಿಲ್ವಾ?”

“ಇದು ತಾಳಿ ಅಲ್ಲ, ಆಂಟಿ.”

ಅವಳು ಎಲ್ಲರ ಕಡೆ ತಿರುಗಿ, ಮೊದಲಿಗಿಂತ ಗಟ್ಟಿಯಾಗಿ ಹೇಳಿದಳು: “ಪೆಂಡಲ್ ಹಿಲ್ ಅಂಗಡೀಲಿ ತಗೊಂಡಿದ್ದು. ನನಗೆ ಡಿವೋರ್ಸ್ ಆಗಿ ನಾಲ್ಕು ವರ್ಷ ಆಯ್ತು. ಪರ್ತ್‌ನಲ್ಲಿ ಯಾರೂ ಇಲ್ಲ. ನಿಮಗೆಲ್ಲ ಸುಳ್ಳು ಹೇಳ್ದೆ.”

ಬುಗ್ಗೆಯ ನೀರು ಕಟ್ಟೆಯ ಮೇಲಿಂದ ಹೊಳೆಗೆ ಬೀಳುವ ಸದ್ದು ಮಾತ್ರ ಇತ್ತು.

“ಒನ್ ಗ್ರಾಂ ಗೋಲ್ಡಾ?” ಆಂಟಿ ಕೊನೆಗೆ ಕೇಳಿದರು.

“ಹೌದು, ಆಂಟಿ.”

“ಹಾಗಿದ್ರೆ ತೆಗೆದಿದ್ದೇ ಒಳ್ಳೇದಾಯ್ತು. ಈ ನೀರಿಗೆ ಕಪ್ಪಾಗ್ತಿತ್ತು.” ಆಕೆ ಮುಖವನ್ನು ಆಚೆ ತಿರುಗಿಸಿದರು, ಅದು ಕ್ಷಮೆಯೋ ಕೋಪವೋ ಯಾರಿಗೂ ತಿಳಿಯಲಿಲ್ಲ. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ವಿಯೋಲಾ ಮಾತ್ರ, “ಇಳಿ ಮಾರಾಯ್ತಿ, ಸತ್ಯ ಹೇಳಿ ನ್ಯುಮೋನಿಯಾ ಬರಿಸಿಕೊಳ್ಬೇಡ,” ಎಂದು ಕೈ ಚಾಚಿದಳು.

ಅರುಂಧತಿ ಸುಘೋಷನನ್ನು ನೋಡಿದಳು. ಅವನ ಎಣಿಸುವ ಬೆರಳು ಗಾಳಿಯಲ್ಲಿಯೇ ನಿಂತಿತ್ತು. ಎಲ್ಲಿಯವರೆಗೆ ಎಣಿಸಿದ್ದನೆಂಬುದು ಅವನಿಗೆ ಮರೆತುಹೋಗಿತ್ತು.

ಅವಳು ನೀರಿಗಿಳಿದಳು. ಬರಿಯ ಕೊರಳಿಗೆ ನೀರು ತಾಗಿದಾಗ, ಅದು ಅಷ್ಟೇನೂ ಬಿಸಿಯಿರದಿದ್ದರೂ, ಅವಳ ಕಣ್ಣಲ್ಲಿ ನೀರು ಬಂತು.

ಅವನು ದಡದಲ್ಲಿ, ಅವಳ ಸಮೀಪ, ಕುಕ್ಕರುಗಾಲಿನಲ್ಲಿ ಕುಳಿತ. ಎಲ್ಲರೂ ನೋಡುತ್ತಿದ್ದರು, ಅವನು ದನಿ ತಗ್ಗಿಸಲಿಲ್ಲ.

“ಜನವರಿಯಲ್ಲಿ ಹೇಳ್ಬೋದಿತ್ತು.”

“ಹೇಳ್ಬೇಕಿತ್ತು.”

“ನನ್ನದೆಲ್ಲ ನಿಮ್ಮ ಮುಂದೆ ಬಿಚ್ಚಿಟ್ಟೆ. ನೀವು ಅಕ್ಕಿ ಲೆಕ್ಕ ಕೇಳಿದ್ರಿ. ಆ ರಾತ್ರಿ ನನ್ನಷ್ಟು ಒಂಟಿ ಈ ದೇಶದಲ್ಲಿ ಯಾರೂ ಇರ್ಲಿಲ್ಲ.”

“ಇನ್ನೊಬ್ಬಳು ಇದ್ಲು,” ಎಂದಳು ಅರುಂಧತಿ. “ಆದ್ರೆ ಅದು ನಿಮ್ಮ ತಪ್ಪಲ್ಲ. ನನ್ನದೇ.”

ಸುಘೋಷ್ ಎದ್ದ. ಮತ್ತೆ ಒಂದರಿಂದ ಎಣಿಸತೊಡಗಿದ.

*

ಆ ಮಧ್ಯಾಹ್ನ ಅವನ ಕಾರು ಹೊರಡಲಿಲ್ಲ. ಆದರೆ ಅವನು ಅವಳ ಬಳಿ ಬರಲೂ ಇಲ್ಲ. ಭಾನುವಾರ ಎರಡು ಗಂಟೆಗೆ ಟೆಂಟುಗಳನ್ನು ಮಡಚಿದರು. ಹ್ಯೂಮ್ ಹೆದ್ದಾರಿಯಲ್ಲಿ ಸಿಡ್ನಿಯ ಕಾರುಗಳು ಬಲಕ್ಕೂ ಮೆಲ್ಬರ್ನಿನವು ಎಡಕ್ಕೂ ತಿರುಗಿದವು. ಅವನ ಬಿಳಿಯ ಕಾರಿನ ಇಂಡಿಕೇಟರ್ ಮಿಣುಕುವುದನ್ನು ಅರುಂಧತಿ ಕುತ್ತಿಗೆ ತಿರುಗಿಸಿ, ಕಾಣದಾಗುವವರೆಗೆ ನೋಡಿದಳು.

ಗೌಲ್ಬರ್ನ್ ಹತ್ತಿರ ವಿಯೋಲಾ ಪೆಟ್ರೋಲ್ ಹಾಕಿಸಲು ಇಳಿದಾಗ ಗಂಟೆ ಏಳಾಗಲು ಎರಡು ನಿಮಿಷವಿತ್ತು. ಅರುಂಧತಿ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಏಳಾಯಿತು. ಏಳು ದಾಟಿ ಒಂದು ನಿಮಿಷ, ಎರಡು, ಮೂರು. ಎಂಟು ತಿಂಗಳಲ್ಲಿ ಅವನು ತಡಮಾಡಿದ್ದೇ ಇಲ್ಲ.

ಏಳು ದಾಟಿ ನಾಲ್ಕನೆಯ ನಿಮಿಷಕ್ಕೆ ಫೋನು ರಿಂಗಾಯಿತು.

“ವಾಂಗರಟ್ಟಾ ಹತ್ರ ಕಾರ್ ನಿಲ್ಲಿಸಿದೀನಿ,” ಎಂದಿತು ಆ ದನಿ. “ನಾಲ್ಕು ನಿಮಿಷ ಯೋಚನೆ ಮಾಡ್ದೆ.”

“ಹೂಂ.”

“ಕೋಪ ಇನ್ನೂ ಇದೆ.”

“ಗೊತ್ತು.”

“ಕಮ್ಮಿ ಆಗೋಕೆ ಎಷ್ಟು ದಿನ ಬೇಕೋ ಗೊತ್ತಿಲ್ಲ.”

“ಎಷ್ಟು ಬೇಕೋ ಅಷ್ಟು ತಗೊಳ್ಳಿ. ಭಾನುವಾರ ಏಳಕ್ಕೆ ನಾನು ಇಲ್ಲೇ ಇರ್ತೀನಿ.”

ಆ ಕಡೆ ಲಾರಿಯೊಂದು ಹಾದುಹೋದ ಸದ್ದು. ಅವನು ಫೋನ್ ಇಟ್ಟುಬಿಡುವನೆಂದು ಅವಳಿಗನಿಸಿತು. ಜನವರಿಯಲ್ಲಿ ಬಾಯಿಂದ ಜಾರಿದ ಮಾತನ್ನೇ ಅವಳು ಈಗ ಬೇಕೆಂದೇ ಎತ್ತಿಕೊಂಡಳು. ಕೈ ಬರಿಗೊರಳಿನ ಮೇಲಿತ್ತು.

“ಸುಘೋಷ್, ಇಬ್ಬರಿಗೆ ಅಕ್ಕಿ ಎಷ್ಟು ಬೇಕಾಗತ್ತೆ?”

ಅವನ ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎನ್ನುವುದು ಕೇಳಿಸುತ್ತಿತ್ತು.

“ಕಾಲು ಕಿಲೋ,” ಎಂದ.