ಬೀದಿಯಲ್ಲಿಟ್ಟ ಕುರ್ಚಿ

ಮೊದಲ ದಿನವೇ ಆ ಮನುಷ್ಯನನ್ನು ಕಂಡು ನನಗೆ ಮೈಯೆಲ್ಲ ಉರಿದುಹೋಗಿತ್ತು. ಕಾಲಿನ ಗಾಯಕ್ಕೆ ಬ್ಯಾಂಡೇಜ್ ಕಟ್ಟಲು ಹೋದರೆ ಮುದಿ ಮೀನುಗಾರ ತಿಜಾನಿ ಮನೆಯೊಳಗಿರಲಿಲ್ಲ. ಬಾಗಿಲ ಮುಂದೆ, ನಡುಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕಾಲು ಚಾಚಿ ಕೂತಿದ್ದರು.

“ಒಳಗೆ ಬಂದ್ರೆ ನಾನೇನು ನಿಮ್ಮನ್ನ ತಿಂದುಬಿಡ್ತೀನಾ?” ಅಂದೆ.

“ನೀವು ಗಂಡನ್ನ ಕಳ್ಕೊಂಡೋರು, ನಾನು ಹೆಂಡ್ತೀನ ಕಳ್ಕೊಂಡೋನು. ಬಾಗಿಲು ತೆಗೆದಿಟ್ರೂ ನಮ್ಮೂರಿನ ಬಾಯಿ ಸುಮ್ಮನಿರಲ್ಲ. ಬೀದೀಲೇ ಕೂತ್ರೆ ಏನಂತಾರೆ? ನೋಡ್ಕೊಳ್ಳಲಿ, ಟಿಕೆಟ್ ಇಲ್ಲ.”

“ನನ್ನ ಮಾನ ಕಾಯೋಕೆ ನಿಮ್ಮನ್ನ ಯಾರು ಇಟ್ರು?”

“ಯಾರೂ ಇಟ್ಟಿಲ್ಲ, ಲಲ್ಲಾ ವಸೀಲಾ. ನಾನೇ ಸೇರ್ಕೊಂಡೆ.”

ನಮ್ಮಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ‘ಲಲ್ಲಾ’ ಎಂಬ ಮಾತನ್ನೂ ಸೇರಿಸಿ, ಬಗ್ಗಿದ ನನ್ನ ಮುಖವನ್ನೇ ನೋಡಿದರು. ಎಪ್ಪತ್ತರ ಹತ್ತಿರದ ಗಂಡಸು ಹಾಗೆ ನೋಡಬಾರದು. ಬ್ಯಾಂಡೇಜನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು.

ನಮ್ಮ ಕೆರ್ಕೆನಾ ದ್ವೀಪದಲ್ಲಿ ವಯಸ್ಸಾದವರೇ ಹೆಚ್ಚು. ಹಳ್ಳಿಯ ಚಿಕ್ಕ ಆಸ್ಪತ್ರೆಗೆ ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ, ಅದೂ ಸಮುದ್ರ ಒಪ್ಪಿದರೆ. ಅನೀಸ್ ಎಂಬ ನರ್ಸ್ ದಿನವೂ ಇರುತ್ತಾನೆ. ಆದರೆ ರೋಗಿ ಅವನ ಬಳಿಗೆ ಬರಬೇಕೇ ಹೊರತು ಅವನು ರೋಗಿಯ ಮನೆಗೆ ಹೋಗುವ ಹಾಗಿಲ್ಲ. ಮೇಲಿನವರ ನಿಯಮ. ನಡೆಯಲಾರದವರು ಏನು ಮಾಡಬೇಕು ಎಂದು ಆ ನಿಯಮ ಮಾಡಿದವರನ್ನೇ ಕೇಳಬೇಕು. ನಾನು ಸಮುದ್ರದಾಚೆಯ ಸ್ಫಾಕ್ಸ್ ನಗರದಲ್ಲಿ ನರ್ಸ್ ಆಗಿ ದುಡಿದು, ನಿವೃತ್ತಳಾಗಿ ಮರಳಿದವಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಒಬ್ಬೊಬ್ಬರೇ ಕರೆದರು, ಹೋದೆ.

ತಿಜಾನಿಯ ಕುರ್ಚಿ ನೋಡಿ ಪಕ್ಕದ ಮನೆಯ ಹಲ್ಲೂಮಜ್ಜಿ ತನ್ನದನ್ನೂ ತಂದಳು. ಆಮೇಲೆ ಎದುರು ಮನೆಯವರು. ಚಳಿ ಮುಗಿಯುವಷ್ಟರಲ್ಲಿ, ಆಕ್ಟೋಪಸ್ ಒಣಹಾಕಿದ ಹಗ್ಗಗಳ ಕೆಳಗೆ ಬೀದಿಯುದ್ದಕ್ಕೂ ಕುರ್ಚಿಗಳಾದವು. ಒಬ್ಬರದು ಸಕ್ಕರೆ ಕಾಯಿಲೆಯ ಕಾಲು, ಇನ್ನೊಬ್ಬರದು ಬಿಪಿ. ತಿಜಾನಿ ಎಲ್ಲರಿಗೂ ಚಹಾ ಸುರಿಯುತ್ತಿದ್ದರು, ನನ್ನ ಲೋಟಕ್ಕೆ ಮಾತ್ರ ಬಾದಾಮಿ ಹಾಕುತ್ತಿದ್ದರು.

“ನಮಗೂ ಹಲ್ಲಿದೆಯಪ್ಪಾ,” ಅನ್ನುತ್ತಿದ್ದಳು ಹಲ್ಲೂಮಜ್ಜಿ. ಅವಳಿಗೆ ಒಂದು ಹಲ್ಲೂ ಇರಲಿಲ್ಲ.

ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ. ಒಂದು ಬೆಳಿಗ್ಗೆ, ಉಳಿದವರೆಲ್ಲ ಎದ್ದುಹೋದ ಮೇಲೆ, ತಿಜಾನಿಯ ಹಿಮ್ಮಡಿ ಒರೆಸುತ್ತಲೇ ಕೇಳಿಬಿಟ್ಟೆ. “ನನ್ನ ಮದುವೆ ಆಗ್ತೀರಾ?”

ಅವರು ಲೋಟ ಕೆಳಗಿಟ್ಟರು. “ಇಲ್ಲ.”

“ಇಷ್ಟ ಇಲ್ವಾ?”

“ಇಷ್ಟ ಇರೋದಕ್ಕೇ ಇಲ್ಲ ಅಂದಿದ್ದು. ನಿಮ್ಮ ಯಜಮಾನ್ರು ಹಾಸಿಗೆ ಹಿಡಿದಾಗ ವರ್ಷಗಟ್ಟಲೆ ಆರೈಕೆ ಮಾಡಿದ್ರಿ. ಈಗ ನನ್ನ ಕಾಲೂ ನಿಮ್ಮ ತಲೆ ಮೇಲೆ. ಅದನ್ನ ಮದುವೆ ಅಂತಾರಾ? ಸಂಬಳ ಇಲ್ಲದ ಚಾಕರಿ ಅಂತಾರೆ. ನಿಮ್ಮನ್ನ ದೋಣೀಲಿ ಕೂರಿಸ್ಕೊಂಡು ಹೋಗೋ ಆಸೆ ನಂಗೆ. ನೀವು ನನ್ನ ಕೀವು ಒರೆಸ್ತಾ ಕೂರೋದು ಬೇಡ.”

ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು, ಯಾಕೆಂದರೆ ಹೇಳಿದ್ದು ನಿಜ. ನನಗೂ ಸಾಕಾಗಿತ್ತು. ನನಗೆ ಅವರು ಬೇಕಿತ್ತು, ಅವರ ಗಾಯ ಬೇಕಿರಲಿಲ್ಲ.

ಅದೇ ವಾರ ಅವರ ಮಗಳು ಇಬ್ತಿಸಾಮ್ ಸ್ಫಾಕ್ಸಿನಿಂದ ಬಂದಳು. ಕೆಟ್ಟವಳಲ್ಲ, ಹೆದರಿದ್ದಳು.

“ಅಪ್ಪನ್ನ ಶನಿವಾರದ ಫೆರೀಲಿ ಕರ್ಕೊಂಡು ಹೋಗ್ತೀನಿ ಚಿಕ್ಕಮ್ಮಾ, ನನ್ನ ಮನೇಲೇ ಇರಲಿ. ನಾಳೆ ನೀವೇ ಜ್ವರ ಬಂದು ಮಲಗಿದ್ರೆ ಇವರ ಕಾಲು ನೋಡೋರ್ಯಾರು?”

“ಅನೀಸ್ ಮನೆಗೇ ಬಂದು ನೋಡಿದ್ರೆ ಬಿಟ್ಟು ಹೋಗ್ತೀಯಾ?”

“ಸರ್ಕಾರದ ನರ್ಸ್ ಮನೆಗೆ ಬರ್ತಾನಾ? ಬಂದ ದಿನ ಕೇಳಿ.”

ಸರಿ, ಕೇಳೋಣ ಅಂದುಕೊಂಡೆ. ಶನಿವಾರದ ಅದೇ ಫೆರಿಯಲ್ಲಿ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬ ದ್ವೀಪಕ್ಕೆ ಬರುವವನಿದ್ದ. ಹಿಂದಿನ ದಿನ ಬೀದಿಯವರನ್ನೆಲ್ಲ ಕೂಡಿಸಿ, “ನಾಳೆ ಕುರ್ಚಿಗಳೆಲ್ಲ ಫೆರಿ ನಿಲ್ಲೋ ಜೆಟ್ಟಿಗೆ,” ಅಂದೆ.

ಫೆರಿ ಬಾಗಿಲು ತೆರೆದಾಗ ಅದರ ಎದುರಿಗೆ ಸಾಲಾಗಿ ನಾವು ಕೂತಿದ್ದೆವು, ಊರುಗೋಲು, ಬ್ಯಾಂಡೇಜುಗಳ ಸಮೇತ. ಒಂದು ಕಾರೂ ಇಳಿಯಲಿಲ್ಲ. ಡ್ರೈವರುಗಳು ಹಾರ್ನ್ ಹೊಡೆದರು.

“ಹೊಡೀರಿ, ನಮಗೆ ಕಿವಿ ಕೇಳಲ್ಲ,” ಅಂದಳು ಹಲ್ಲೂಮಜ್ಜಿ.

ಅಧಿಕಾರಿ ನಡೆದೇ ಇಳಿದು ಬಂದ. ಅನೀಸ್ ರೋಗಿಗಳ ಮನೆಗೇ ಬರಬೇಕು ಅಂದೆವು. ಪರಿಶೀಲಿಸೋಣ, ಮೇಲಿನವರಿಗೆ ಹೇಳೋಣ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಆಮೇಲೆ ನನ್ನ ಕಡೆ ತಿರುಗಿ ನಕ್ಕ. “ಲಲ್ಲಾ, ನಿಮ್ಮ ಸೇವೆ ಬಗ್ಗೆ ಕೇಳಿದ್ದೀನಿ. ನೀವಿರೋವಾಗ ಈ ಊರಿಗೇನು ಕೊರತೆ? ನಿಮಗೊಂದು ಸನ್ಮಾನ ಮಾಡ್ತೀವಿ.”

“ಮೂಗಿಗೆ ತುಪ್ಪ ಸವರಬೇಡಿ. ಇವತ್ತಿಂದ ನಾನು ಬ್ಯಾಂಡೇಜ್ ಕಟ್ಟಲ್ಲ.”

ಅಧಿಕಾರಿ ನಗು ನಿಲ್ಲಿಸಿದ.

“ಯಾಕೆ?” ಅಂದ.

“ಮದುವೆ ಆಗೋದಿದೆ. ಇಲ್ಲಿ ಕೂತಿದ್ದಾರಲ್ಲ ತಿಜಾನಿ, ಇವರನ್ನ. ನಾನೇ ನರ್ಸ್ ಆಗಿರೋವರೆಗೂ ನನ್ನ ಕಟ್ಕೊಳ್ಳಲ್ಲವಂತೆ. ಸರಿಯಾಗೇ ಹೇಳಿದ್ದಾರೆ. ಹೆಂಡ್ತಿ, ಮಗಳು, ಸೊಸೆ ಅನ್ನೋ ಹೆಸರಲ್ಲಿ ನಿಮ್ಮ ಕೆಲಸಾನ ನಾವೇ ಮಾಡ್ಕೊಂಡು ಬಂದಿದ್ದೀವಿ. ಇನ್ನು ಸಾಕು. ಗಾಯ ಸರ್ಕಾರಕ್ಕೆ, ಗಂಡ ನನಗೆ.”

ಫೆರಿಯ ಮೇಲಿದ್ದವರು ಚಪ್ಪಾಳೆ ಹೊಡೆದರು. ತಿಜಾನಿ ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ಕಿವಿಗಳು ಮಾತ್ರ ಕೆಂಪಗೆ ಕಾಣುತ್ತಿದ್ದವು.

ಬಿಸಿಲು ನೆತ್ತಿಗೆ ಬಂದರೂ ನಾವು ಏಳಲಿಲ್ಲ. ಅಧಿಕಾರಿ ಯಾರು ಯಾರಿಗೋ ಫೋನ್ ಮಾಡಿದ, ಬೆವರು ಒರೆಸಿಕೊಂಡ, ಮತ್ತೆ ಫೋನ್ ಮಾಡಿದ. ಕೊನೆಗೆ ಅನೀಸನನ್ನು ಕರೆಸಿ ಎಲ್ಲರ ಮುಂದೆ ಹೇಳಿದ. “ಇನ್ಮೇಲೆ ಬೆಳಿಗ್ಗೆ ಹೊತ್ತು ಮನೆ ಮನೆಗೆ ಹೋಗು.”

“ಬಾಯಿಮಾತು ಬೇಡ. ಇಲ್ಲೇ ಶುರು ಮಾಡಲಿ,” ಅಂದೆ.

ಅನೀಸ್ ಮಂಡಿಯೂರಿ ತಿಜಾನಿಯ ಕಾಲಿನ ಬಟ್ಟೆ ಬಿಚ್ಚಿದ. ನಾನು ಕೈಕಟ್ಟಿ ನಿಂತೆ. ಹಾಗೆ ನಿಂತು ನನಗೆ ಅಭ್ಯಾಸವಿರಲಿಲ್ಲ, ಕಷ್ಟವಾಯಿತು. ಫೆರಿ ಹತ್ತಲು ತಯಾರಾಗಿ ಬಂದಿದ್ದ ಇಬ್ತಿಸಾಮ್ ಬ್ಯಾಂಡೇಜಿನ ಕೊನೆಯ ಸುತ್ತಿನವರೆಗೂ ಕಣ್ಣು ಕೀಳದೆ ನೋಡಿ, ಹೆಗಲ ಮೇಲಿದ್ದ ಅಪ್ಪನ ಚೀಲವನ್ನು ನನ್ನ ಕೈಗೆ ಕೊಟ್ಟಳು.

“ಇದನ್ನ ಮನೆಗೆ ತಗೊಂಡು ಹೋಗಿ, ಚಿಕ್ಕಮ್ಮಾ. ನಾನು ಮುಂದಿನ ವಾರ ಬಂದು ನೋಡ್ತೀನಿ.”

ತಿಜಾನಿ ಎದ್ದು ಕುಂಟುತ್ತ ಬಂದು ನನ್ನೆದುರು ನಿಂತರು. “ಈಗೇನಂತೀರಿ?”

“ನಾನೇನು ಅನ್ನೋದು? ಅವತ್ತು ನಾನು ಕೇಳಿ ಇಲ್ಲ ಅನ್ನಿಸಿಕೊಂಡಿದ್ದಾಯ್ತು. ಈಗ ನೀವು ಕೇಳಿ. ಹಿಂದಿನ ಸಾಲಿಗೂ ಕೇಳಿಸ್ಬೇಕು.”

ಜೋರಾಗಿಯೇ ಕೇಳಿದರು. “ವಸೀಲಾ, ನನ್ನ ಮದುವೆ ಆಗ್ತೀಯಾ?”

“ಆಗ್ತೀನಿ,” ಅಂದೆ.

ಇಡೀ ಊರು ನೋಡುತ್ತಿದ್ದ ಹಾಗೆಯೇ ಅವರು ನನ್ನ ಕೈ ಹಿಡಿದರು. ನಾನು ಬಿಡಿಸಿಕೊಳ್ಳಲಿಲ್ಲ.